ಸೊಸೈಟಿಯ ಎಫ್‌ಡಿ, ಜರ್ಮನಿಯ ಬ್ಯಾಂಕು: ಯಾರ ಮೇಲೆ ಯಾರ ಕಣ್ಣು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಜಾಸ್ತಿ ಪಾಲು ಊರಿನ ಸೇವಾ ಸಹಕಾರಿ ಸಂಘದಲ್ಲಿ ಎಫ್‌ಡಿ ಇದೆ. ಉಳಿದದ್ದು ಪೇಟೆಯ ಬ್ಯಾಂಕಿನಲ್ಲಿದೆ. ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಬ್ಯಾಂಕುಗಳ ಮೇಲೆ ಸರ್ಕಾರದ ನಿಗಾ ಬಿಗಿ, ನಮ್ಮಲ್ಲಿ ಸಡಿಲ ಅನ್ನುತ್ತಾನೆ. ಹೌದಾ?

ಉತ್ತರ: ಪೇಟೆಯ ಬ್ಯಾಂಕಿನ ಮಟ್ಟಿಗೆ ಮಗನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೊಸೈಟಿಯ ಮಟ್ಟಿಗೆ ಮಾತ್ರ ಅವನು ಹೇಳುವುದರಲ್ಲಿ ಹುರುಳಿದೆ.

ಮೊದಲು ಬ್ಯಾಂಕು. ಕೊಟ್ಟ ಸಾಲ ಮುಳುಗಿದರೆ ನಷ್ಟ ತಡೆಯಲು ಬ್ಯಾಂಕು ಸ್ವಂತ ಬಂಡವಾಳ ಇಟ್ಟುಕೊಂಡಿರಬೇಕು. ಬ್ಯಾಂಕುಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಬಾಸೆಲ್ ಸಮಿತಿ ಎಲ್ಲ ದೇಶಗಳಿಗೂ ಹೇಳಿದ ಕನಿಷ್ಠ ಮಟ್ಟ, ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕಿದ ಸಾಲ ಮತ್ತಿತರ ಆಸ್ತಿಯ ಶೇ 8. ನಮ್ಮ ವಾಣಿಜ್ಯ ಬ್ಯಾಂಕುಗಳಿಂದ ಆರ್‌ಬಿಐ ಕೇಳುವುದು ಶೇ 9. ಈ ವಿಷಯದಲ್ಲಿ ನಾವೇನೂ ಸಡಿಲ ಇಲ್ಲ. ಹಿಂದೆ ಬಿದ್ದಿರುವುದು ಠೇವಣಿ ವಿಮೆಯಲ್ಲಿ, ಅಂದರೆ ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸಿಗುವ ಹಣದಲ್ಲಿ. ನಮ್ಮಲ್ಲಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಜರ್ಮನಿಯಲ್ಲಿ 1 ಲಕ್ಷ ಯೂರೋ, ಅಂದರೆ ಒಂದು ಕೋಟಿ ರೂಪಾಯಿಯ ಆಸುಪಾಸು. ಶಿರಸಿ ಶಾಖೆಯಲ್ಲಿ ಒಂದು, ಸಿದ್ದಾಪುರ ಶಾಖೆಯಲ್ಲಿ ಒಂದು ಅಂತ ಎಫ್‌ಡಿ ಒಡೆದಿಟ್ಟರೂ ಪ್ರಯೋಜನವಿಲ್ಲ. ಬ್ಯಾಂಕು ಒಂದೇ ಆದರೆ ಎಲ್ಲ ಶಾಖೆಗಳದ್ದನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ.

ಇನ್ನು ಸೊಸೈಟಿ. ನಿಮ್ಮ ಊರಿನ ಸಂಘದ ಬೇರು ಇರುವುದು ಜರ್ಮನಿಯಲ್ಲೇ. 19ನೇ ಶತಮಾನದಲ್ಲಿ ಅಲ್ಲಿನ ರೈಫೈಸನ್ ಎಂಬುವರು ರೈತರಿಗಾಗಿ ಕಟ್ಟಿದ ಸಾಲದ ಸಂಘಗಳನ್ನು ನೋಡಿಯೇ ನಮ್ಮ 1904ರ ಸಹಕಾರಿ ಕಾಯ್ದೆ ಬಂತು. ಆಮೇಲೆ ದಾರಿ ಬೇರೆಯಾಯಿತು. ಅಲ್ಲಿ ಹಳ್ಳಿಯ ಸಹಕಾರಿ ಸಂಘಗಳು ಬೆಳೆದು ಬ್ಯಾಂಕುಗಳೇ ಆದವು. ದೊಡ್ಡ ಬ್ಯಾಂಕುಗಳಿಗೆ ಇರುವ ಬ್ಯಾಂಕಿಂಗ್ ಕಾನೂನೇ ಅವಕ್ಕೂ ಇದೆ. ಬಾಫಿನ್ ಎಂಬ ಮೇಲ್ವಿಚಾರಣಾ ಸಂಸ್ಥೆ ಮತ್ತು ಅಲ್ಲಿನ ಕೇಂದ್ರೀಯ ಬ್ಯಾಂಕು ಎರಡೂ ಅವುಗಳ ಲೆಕ್ಕ ನೋಡುತ್ತವೆ. ಅದರ ಮೇಲೆ ಸಹಕಾರಿ ಬ್ಯಾಂಕುಗಳೇ ಸೇರಿ ಒಂದು ನಿಧಿ ಇಟ್ಟಿವೆ. ಒಂದು ಬ್ಯಾಂಕು ಎಡವುವ ಸೂಚನೆ ಕಂಡರೆ ಉಳಿದವು ಮೊದಲೇ ಕೈಹಿಡಿಯುತ್ತವೆ. 1930ರ ದಶಕದಿಂದ ಈಚೆಗೆ ಆ ಗುಂಪಿನ ಒಂದು ಬ್ಯಾಂಕೂ ದಿವಾಳಿಯಾಗಿಲ್ಲ.

ನಮ್ಮಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಅಂದರೆ ನಿಮ್ಮ ಊರಿನ ಸೇವಾ ಸಹಕಾರಿ ಸಂಘದಂಥದ್ದು, ಬ್ಯಾಂಕಿಂಗ್ ಕಾಯ್ದೆಯ ಹೊರಗೇ ಉಳಿಯಿತು. ಅದನ್ನು ನೋಡುವುದು ಆರ್‌ಬಿಐ ಅಲ್ಲ, ರಾಜ್ಯದ ಸಹಕಾರ ಇಲಾಖೆ. ಠೇವಣಿ ವಿಮೆಯೂ ಇಲ್ಲ. ಕರಾವಳಿಯಲ್ಲೂ ಘಟ್ಟದ ಮೇಲೂ ಇರುವ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಇದೇ ಮಾತು. ಶಿರಸಿಯಲ್ಲೇ ಕೇಂದ್ರ ಕಚೇರಿ ಇರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಂಥವು ಬೇರೆ. ಅವು ಬ್ಯಾಂಕುಗಳು. ನಬಾರ್ಡ್ ತಪಾಸಣೆ ಇದೆ, 5 ಲಕ್ಷದ ವಿಮೆಯೂ ಇದೆ. ಕೌಂಟರಿನಲ್ಲಿ ಕೂತವರು ಪರಿಚಯದವರೇ, ಪಾಸ್‌ಬುಕ್ಕೂ ಒಂದೇ ಥರ ಕಾಣುತ್ತದೆ. ಹಾಗಾಗಿ ಈ ವ್ಯತ್ಯಾಸ ಎಷ್ಟೋ ಠೇವಣಿದಾರರಿಗೆ ಗೊತ್ತೇ ಆಗುವುದಿಲ್ಲ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಯಾವ ದೇಶದಲ್ಲಾದರೂ ನಾನು ಮೊದಲು ನೋಡುವುದು ನಿಗಾ ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು. ಜರ್ಮನಿಯಲ್ಲೇ 2020ರಲ್ಲಿ ವೈರ್‌ಕಾರ್ಡ್ ಎಂಬ ಹಣ ಪಾವತಿ ಸೇವೆಯ ಕಂಪನಿ ಕುಸಿಯಿತು. ಅದರ ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ಎಲ್ಲೂ ಇರಲಿಲ್ಲ. ಅದರ ಒಳಗಿದ್ದ ಬ್ಯಾಂಕಿನ ಮೇಲೆ ಬಾಫಿನ್ ಕಣ್ಣಿತ್ತು, ಇಡೀ ಕಂಪನಿಯನ್ನು ತಂತ್ರಜ್ಞಾನದ್ದು ಅಂತ ಬಿಟ್ಟಿದ್ದರು. ಅಮೆರಿಕದಲ್ಲಿ ಬ್ಯಾಂಕಿನ ಆಸ್ತಿ ಎಷ್ಟಿದ್ದರೆ ಬಿಗಿ ನಿಯಮ ಅನ್ವಯಿಸುತ್ತದೆ ಅನ್ನುವ ಮಿತಿಯನ್ನು 2018ರಲ್ಲಿ 5,000 ಕೋಟಿ ಡಾಲರ್‌ನಿಂದ 25,000 ಕೋಟಿಗೆ ಏರಿಸಿದರು. 2023ರಲ್ಲಿ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಆಸ್ತಿ ಸುಮಾರು 20,900 ಕೋಟಿ ಡಾಲರ್. ಹೊಸ ಮಿತಿಯ ಕೆಳಗೆ ಬಂತು, ಅಲ್ವಾ?

ಹಾಗಂತ ಸೊಸೈಟಿಯ ದುಡ್ಡನ್ನೆಲ್ಲ ನಾಳೆಯೇ ತೆಗೆಯಿರಿ ಅನ್ನುವುದಿಲ್ಲ. ಬೆಳೆಸಾಲಕ್ಕೆ ಊರಿಗೆ ಅದು ಬೇಕು. ಮದುವೆ, ಆಸ್ಪತ್ರೆಗೆ ಅಂತ ತೆಗೆದಿಟ್ಟದ್ದನ್ನು ಮಾತ್ರ ವಿಮೆ ಇರುವ ಬ್ಯಾಂಕಿಗೆ ಬದಲಿಸಿ, ಒಂದೊಂದರಲ್ಲಿ 5 ಲಕ್ಷ ದಾಟದಂತೆ. ಯಾವ ಬ್ಯಾಂಕಿಗೆ ವಿಮೆ ಇದೆ ಅನ್ನುವುದು ಠೇವಣಿ ವಿಮೆ ಕೊಡುವ ಸಂಸ್ಥೆ ಡಿಐಸಿಜಿಸಿಯ ಜಾಲತಾಣದಲ್ಲಿ ಸಿಗುತ್ತದೆ. ಸಂಘದ ಸರ್ವಸಾಧಾರಣ ಸಭೆಗೆ ತಪ್ಪದೆ ಹೋಗಿ. ಆಡಿಟ್ ವರ್ಗ ‘ಎ’ ಇದೆಯಾ, ಕಟಬಾಕಿ ಸಾಲ ಎಷ್ಟು, ಆಡಳಿತ ಮಂಡಳಿಯವರ ಮನೆಯವರಿಗೆ ಕೊಟ್ಟ ಸಾಲ ಎಷ್ಟು ಅಂತ ಕೇಳಿ. ನೀವು ಸದಸ್ಯರು, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮಗಳು ನ್ಯೂಜಿಲೆಂಡ್‌ನಲ್ಲಿದ್ದಾಳೆ. ಅಲ್ಲಿ ಠೇವಣಿ ವಿಮೆಯೇ ಇಲ್ಲವಂತೆ. ನಿಜವೇ? – ಕಾರವಾರದ ಓದುಗರು

ಉತ್ತರ: ಮೊನ್ನೆಮೊನ್ನೆಯವರೆಗೂ ನಿಜ. ಬ್ಯಾಂಕು ತನ್ನ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸಬೇಕು, ನಿರ್ದೇಶಕರು ಅದಕ್ಕೆ ಸಹಿ ಹಾಕಬೇಕು, ಗ್ರಾಹಕರು ಓದಿ ತೀರ್ಮಾನಿಸಲಿ ಎಂಬುದು ಅಲ್ಲಿನ ನೀತಿಯಾಗಿತ್ತು. ಲೆಕ್ಕಪತ್ರ ಓದಲು ಬಾರದ ಸಾಮಾನ್ಯರ ಮೇಲೆ ಅದು ತುಂಬಾ ಭಾರ ಹೇರಿತು ಅಂತ ನನಗನಿಸುತ್ತದೆ. 2025ರ ಜುಲೈ 1ರಿಂದ ಅಲ್ಲೂ ಒಬ್ಬ ಠೇವಣಿದಾರರಿಗೆ, ಒಂದು ಸಂಸ್ಥೆಯಲ್ಲಿ 1 ಲಕ್ಷ ನ್ಯೂಜಿಲೆಂಡ್ ಡಾಲರ್‌ವರೆಗೆ ರಕ್ಷಣೆ ಇದೆ. ಅಲ್ಲಿನ ಪತ್ತಿನ ಸಹಕಾರಿ ಸಂಘಗಳೂ ಅದರೊಳಗೆ ಸೇರಿವೆ.