ಜಮಾದಾರ್ ಅಂದ್ರೆ ಗುಡಿಸುವವರಲ್ಲ ಮಾರಾಯ್ರೆ

ನಿಮ್ಮ ಮುತ್ತಜ್ಜನ 1943ರ ಪೇಪರಲ್ಲಿ 'ಜಮಾದಾರ್' ಅಂತ ಉಂಟು, ಅವರು ಮಿಲಿಟರಿಯಲ್ಲಿ ಗುಡಿಸುವ ಕೆಲಸದಲ್ಲಿದ್ರಾ ಅಂತ ಕೇಳಿದ್ದೀರಿ. ಅಲ್ಲವೇ ಅಲ್ಲ. ಬ್ರಿಟಿಷ್ ಕಾಲದ ಸೈನ್ಯದಲ್ಲಿ ಅದು ದೊಡ್ಡ ರ‍್ಯಾಂಕ್, ಹವಾಲ್ದಾರಿಗಿಂತ ಮೇಲೆ, ಸುಬೇದಾರಿಗಿಂತ ಕೆಳಗೆ, ಜಮಾದಾರ್, ಸುಬೇದಾರ್ ಇವರನ್ನೆಲ್ಲ ಒಟ್ಟಿಗೆ ವೈಸರಾಯ್ ಕಮಿಷನ್ಡ್ ಆಫೀಸರ್, ಅಂದ್ರೆ ವೈಸರಾಯ್ ಹೆಸರಲ್ಲಿ ನೇಮಕವಾದ ಅಧಿಕಾರಿ ಅಂತ ಕರೀತಿದ್ರು, ಸಾಧಾರಣವಾಗಿ ಸಿಪಾಯಿಯಾಗಿ ಸೇರಿ ವರ್ಷಗಟ್ಟಲೆ ದುಡಿದವರಿಗೇ ಸಿಗ್ತಿದ್ದದ್ದು, ಪ್ಲಟೂನ್ ಅಂದ್ರೆ ಸಣ್ಣ ತುಕಡಿ ನಡೆಸುವ ಜವಾಬ್ದಾರಿ, ಮಾತಾಡಿಸುವಾಗ 'ಸಾಹೇಬ್' ಅನ್ನಲೇಬೇಕು. ಆದ್ರೆ ಬ್ರಿಟಿಷ್ ಸೈನಿಕರ ಮೇಲೆ ಅವರಿಗೆ ಅಧಿಕಾರ ಇರ್ಲಿಲ್ಲ, ಎಷ್ಟೇ ಅನುಭವ ಇದ್ರೂ ಹೊಸದಾಗಿ ಬಂದ ಹುಡುಗ ಲೆಫ್ಟಿನೆಂಟಿನ ಕೆಳಗೇ. ಅದು ನನಗೆ ಈಗ್ಲೂ ಬೇಜಾರಾಗುವ ವಿಷಯ.

ಪೂರ್ತಿ ಆಫೀಸರ್ ಆಗುವ ದಾರಿ ನಮ್ಮವರಿಗೆ ತೆರೆದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪನವರು ಇಂದೋರಿನಲ್ಲಿ ಟ್ರೇನಿಂಗ್ ಮಾಡಿದ್ರು, ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋಗಿ 1926ರಲ್ಲಿ ಕಮಿಷನ್, ಅಂದ್ರೆ ಆಫೀಸರ್ ಆಗಿ ನೇಮಕ ಪಡೆದ್ರು. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಶುರುವಾದದ್ದೇ 1932ರಲ್ಲಿ, ಮೊದಲ ಬ್ಯಾಚಿಗೆ 40 ಜನ, ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಶಾ ಅದರಲ್ಲೇ ಇದ್ದದ್ದು.

1965ರಲ್ಲಿ ಜಮಾದಾರ್ ಹೆಸರು ತೆಗೆದು ನಾಯಬ್ ಸುಬೇದಾರ್ ಅಂತ ಮಾಡಿದ್ರು. ಉಡುಪಿಯಲ್ಲಿ ನಮ್ಮ ನೆರೆಮನೆಯಲ್ಲೂ ಇದೇ ಗೊಂದಲ ಇತ್ತು, ನಾಚಿಕೆಯಿಂದ ಹಳೇ ಫೋಟೋವನ್ನೇ ಒಳಗಿಟ್ಟಿದ್ರು ಪಾಪ. ನೀವು ಹಾಗೆ ಮಾಡ್ಬೇಡಿ. ಪೇಪರಲ್ಲಿ ರೆಜಿಮೆಂಟ್ ಹೆಸರು, ನಂಬರ್ ಇದ್ರೆ ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೀರಿ, ಮದ್ರಾಸ್ ರೆಜಿಮೆಂಟ್ ಆದ್ರೆ ಊಟಿ ಹತ್ರದ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ಪಡೆ) ಆದ್ರೆ ಬೆಂಗ್ಳೂರು.