ತಣ್ಣನೆ ನೀರಿನ ಬಾಲ

ಪ್ರಶ್ನೆ: ನಾನು ನರ್ಸ್. ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿದ್ದೇನೆ. ಗುಣವಾಚಕಗಳ ಬಾಲ ಮಾತ್ರ ತಲೆಗೆ ಹತ್ತುತ್ತಿಲ್ಲ. ಬೆಳಿಗ್ಗೆ ‘ಗೂಟೆನ್ ಮೊರ್ಗೆನ್’, ರಾತ್ರಿ ‘ಗೂಟೆ ನಾಖ್ಟ್’. ಒಂದೇ ಪದ ಎರಡು ಥರ ಯಾಕೆ? ಬಾಲಗಳ 48 ಮನೆಗಳ ಪಟ್ಟಿ ಉರು ಹೊಡೆಯಲೇಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮಡಿಚಿಡಿ. ನಮ್ಮಲ್ಲಿ ತಣ್ಣನೆ ನೀರು, ತಣ್ಣನೆ ನೀರಿಗೆ, ತಣ್ಣನೆ ನೀರಲ್ಲಿ. ‘ತಣ್ಣನೆ’ ಕದಲುವುದೇ ಇಲ್ಲ, ವಿಭಕ್ತಿಯೆಲ್ಲ ನೀರಿನ ತಲೆಯ ಮೇಲೆ. ಜರ್ಮನ್‌ನಲ್ಲಿ ಉಲ್ಟಾ. ನಾಮಪದ ಹೆಚ್ಚಾಗಿ ಸುಮ್ನೆ ಕೂತಿರುತ್ತದೆ, ಅದಕ್ಕಿಂತ ಮೊದಲು ಬರುವ ಪದಗಳು ವಿಭಕ್ತಿ ಹೊರಬೇಕು.

ಬಸ್ಸಿನಲ್ಲಿ ಮನೆಮಂದಿಯ ಟಿಕೆಟ್ ಒಬ್ಬರ ಕೈಲಿದ್ದರೆ ಸಾಕು, ಅಲ್ವಾ? ‘ಮಿಟ್ ಡೆಮ್ ಕಾಲ್ಟೆನ್ ವಾಸರ್’ – ಆ ತಣ್ಣನೆ ನೀರಿನಿಂದ. ‘ಡೆಮ್’ ಅಂದರೆ ‘ಆ’; ಲಿಂಗ, ವಿಭಕ್ತಿಗೆ ತಕ್ಕಂತೆ ಅದೇ ಪದ ‘ಡಾಸ್’, ‘ಡೆನ್’, ‘ಡೀ’ ಅಂತಲೂ ಆಗುತ್ತದೆ. ಲಿಂಗ, ವಿಭಕ್ತಿ ತೋರಿಸುವ ಟಿಕೆಟ್ ಇಲ್ಲಿ ಅದರ ಹತ್ತಿರ ಇದೆ. ಹಾಗಾಗಿ ‘ಕಾಲ್ಟ್’ ಬರೀ ‘ಎನ್’ ಹಚ್ಚಿಕೊಂಡು ಆರಾಮಾಗಿದೆ. ‘ಡೆಮ್’ ತೆಗೆದುಬಿಡಿ: ‘ಮಿಟ್ ಕಾಲ್ಟೆಮ್ ವಾಸರ್’. ಆ ‘ಎಮ್’ ಎಲ್ಲಿಂದ ಬಂತು? ಅದೇ ‘ಡೆಮ್’ನ ಬಾಲ!

ಪೇಚು ತರುವುದು ‘ಐನ್’, ಅಂದರೆ ‘ಒಂದು’. ಬಂದಿರುತ್ತದೆ, ಆದರೆ ಕೆಲವು ಸಲ ಕೈಯಲ್ಲಿ ಟಿಕೆಟ್ ಇರುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ದಿನಾ ಬೆಳಿಗ್ಗೆ ಬೇಕರಿಯಲ್ಲಿ ‘ಐನ್ ಫ್ರಿಶೆ ಬ್ರೋಟ್’, ಒಂದು ತಾಜಾ ಬ್ರೆಡ್, ಕೇಳುತ್ತಿದ್ದೆ. ಆಯಮ್ಮ ಬ್ರೆಡ್ಡನ್ನು ಕಾಗದದ ಚೀಲಕ್ಕೆ ಹಾಕುತ್ತಾ ‘ಐನ್ ಫ್ರಿಶೆಸ್ ಬ್ರೋಟ್’ ಅನ್ನುತ್ತಿದ್ದರು, ‘ಎಸ್’ ಮೇಲೆ ಸ್ವಲ್ಪ ಜಾಸ್ತಿ ಒತ್ತಿ. ಅದು ಪಾಠ ಅಂತ ನನಗೆ ಹೊಳೆಯಲು ಮೂರು ವಾರ ಬೇಕಾಯಿತು! ಬ್ರೋಟ್ ನಪುಂಸಕ, ‘ಡಾಸ್’ ಬ್ರೋಟ್. ‘ಐನ್’ ಅದನ್ನು ಹೇಳುವುದಿಲ್ಲ. ಕೊನೆಗೆ ‘ಫ್ರಿಶೆಸ್’ ಹೇಳಬೇಕು.

ಈಗ ನಿಮ್ಮ ಬೆಳಗು. ಜರ್ಮನ್‌ನಲ್ಲಿ ಬೆಳಗು ಪುಲ್ಲಿಂಗ, ರಾತ್ರಿ ಸ್ತ್ರೀಲಿಂಗ. ಎರಡರ ಹಿಂದೆಯೂ ‘ನಿಮಗೆ ಹಾರೈಸುತ್ತೇನೆ’ ಅಡಗಿದೆ, ಅಂದರೆ ದ್ವಿತೀಯಾ. ಪುಲ್ಲಿಂಗಕ್ಕೆ ಅಲ್ಲಿ ‘ಡೆನ್’, ಅದಕ್ಕೇ ಗೂಟೆನ್. ಸ್ತ್ರೀಲಿಂಗಕ್ಕೆ ‘ಡೀ’, ಬಾಲ ಬರೀ ‘ಎ’. ಹೊಸ ವರ್ಷ ನಪುಂಸಕ: ‘ಫ್ರೋಹೆಸ್ ನೋಯೆಸ್ ಯಾರ್’. ಇಲ್ಲಿ ಗುಣವಾಚಕ ಎರಡಿದ್ದರೆ ಬಾಲವೂ ಎರಡು. ವ್ಯಾಕರಣ ಮರೆತರೂ ಇಂಥ ಹಾರೈಕೆಗಳು ಬಾಯಿಗೆ ಬರುತ್ತವೆ. ನಾನು ಕಲಿತದ್ದೇ ಹಾಗೆ.

ನಾಮಪದ ಎದ್ದು ನಿಲ್ಲುವ ಜಾಗಗಳೂ ಇವೆ. ‘ಟ್ರೋಟ್ಸ್ ಶ್ಲೆಖ್ಟೆನ್ ವೆಟರ್ಸ್’, ಹವೆ ಕೆಟ್ಟಿದ್ದರೂ. ಇದು ಷಷ್ಠಿ. ‘ವೆಟರ್’ ತಾನೇ ‘ಎಸ್’ ಹಿಡಿದಿದೆ, ಗುಣವಾಚಕಕ್ಕೆ ‘ಎನ್’ ಸಾಕು. ಬಹುವಚನದ ಚತುರ್ಥಿಯಲ್ಲಂತೂ ಇಬ್ಬರಿಗೂ ‘ಎನ್’. ಮಕ್ಕಳ ವಾರ್ಡಿಗೆ ಹಾಕಿದರೆ ದಿನಾ ಕಿವಿಗೆ ಬೀಳುತ್ತದೆ: ‘ಮಿಟ್ ಕ್ಲೈನೆನ್ ಕಿಂಡರ್ನ್’, ಪುಟ್ಟ ಮಕ್ಕಳ ಜೊತೆ.