ಸೋಮವಾರದ ಫುಟ್‌ಬಾಲ್ ಮಾತು ಅರ್ಥವಾಗಬೇಕಾದರೆ

ತಮ್ಮಾ, "ಅಕ್ಕಾ, ಸೋಮವಾರ ಬಂತೆಂದರೆ ಆಫೀಸಿನಲ್ಲಿ ಎಲ್ಲರದೂ ಫುಟ್‌ಬಾಲ್ ಮಾತು. ನಾನು ಸುಮ್ನೆ ಕೂತಿರ್ತೀನಿ. ಟಿವಿಯಲ್ಲಿ ನೋಡಿದರೆ ಹತ್ತು ಸೆಕೆಂಡ್ ಆಡ್ತಾರೆ, ನಿಂತುಬಿಡ್ತಾರೆ. ಇದನ್ನು ಕಲಿಯಲೇಬೇಕಾ?" ಎಂದು ಕೇಳಿದ್ದೀಯ. ಕಲಿಯಲೇಬೇಕು ಅಂತೇನಿಲ್ಲ. ಆದರೆ ನೀನು ಬಂದಿರುವುದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ಗೆ. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಕಾಲಲ್ಲಿ ಒದೆಯುವ ನಮ್ಮ ಆಟವಲ್ಲ. ಕಾಲೇಜು ಹುಡುಗರ ಈ ಆಟ ಸಂಬಳದ ಆಟವಾಗಿ ಬೇರು ಬಿಟ್ಟದ್ದು ಇದೇ ಸುತ್ತಮುತ್ತಲಿನ ಊರುಗಳಲ್ಲಿ. ನಾನು ಇಲ್ಲಿಗೆ ಬಂದು 22 ವರ್ಷವಾಯಿತು. ಬರೀ ನಿಯಮ ಓದಿದಾಗ ನನ್ನ ತಲೆಗೆ ಏನೂ ಹತ್ತಲಿಲ್ಲ. ಯಾವ ನಿಯಮವನ್ನು ಯಾರು, ಯಾಕೆ ತಂದರು ಎಂದು ತಿಳಿದ ಮೇಲೆ ಆಟ ತಾನಾಗಿಯೇ ಅರ್ಥವಾಯಿತು.

ನಿನಗೆ ಬೇಸರ ತರಿಸುವ ಆ ನಿಲ್ಲುವಿಕೆಯಿಂದಲೇ ಶುರು ಮಾಡು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಮೊದಲ ಪಂದ್ಯದಲ್ಲಿ ಒಂದೊಂದು ಕಡೆ 25 ಜನ. ಚೆಂಡನ್ನು ಹಿಡಿದು ಓಡುವಂತೆಯೇ ಇರಲಿಲ್ಲ. ಆಮೇಲೆ ಕಾಲೇಜುಗಳು ರಗ್ಬಿಯ ಕಡೆ ವಾಲಿದವು. ಅದರಲ್ಲಿ ಎರಡೂ ಕಡೆಯವರು ಗುಂಪಾಗಿ ಮುಗಿಬೀಳುತ್ತಾರೆ, ಚೆಂಡು ಯಾರ ಪಾಲಾಗುತ್ತದೋ ಹೇಳಲಾಗದು. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ 1880ರಲ್ಲಿ ಇದನ್ನು ಬದಲಿಸಿದರು. ಚೆಂಡು ಒಂದು ತಂಡದ ಕೈಯಲ್ಲೇ ಇರಬೇಕು, ಗೆರೆಯ ಮೇಲಿಂದ ಹಿಂದಕ್ಕೆ ಕೊಟ್ಟು ಆಟ ಶುರುವಾಗಬೇಕು. ತಂಡಕ್ಕೆ 11 ಜನ ಸಾಕು ಎಂದು ಪಟ್ಟು ಹಿಡಿದವರೂ ಅವರೇ. ಹೀಗೆ ಪ್ರತಿ ಸಲವೂ ನಿಂತು, ಮುಂದೇನು ಎಂದು ಯೋಚಿಸಲು ಜಾಗ ಸಿಕ್ಕಿತು. ಈ ಆಟದ ಬುದ್ಧಿಯೆಲ್ಲ ಆ ಬಿಡುವಿನಲ್ಲೇ ಇದೆ.

ಆದರೆ ಹೊಸ ತೊಂದರೆ ಬಂತು. 1881ರ ಯೇಲ್–ಪ್ರಿನ್ಸ್‌ಟನ್ ಪಂದ್ಯದಲ್ಲಿ ಅರ್ಧ ಆಟ ಒಬ್ಬರು ಚೆಂಡು ಬಿಡಲಿಲ್ಲ, ಇನ್ನರ್ಧ ಇನ್ನೊಬ್ಬರು ಬಿಡಲಿಲ್ಲ. ಕೊನೆಗೆ 0–0. ಕಬಡ್ಡಿಯಲ್ಲಿ ಉಸಿರಿನ ಕಟ್ಟೂ ಇಲ್ಲ, ಸಮಯದ ಕಟ್ಟೂ ಇಲ್ಲ ಎಂದರೆ ರೈಡಿಗೆ ಹೋದವನು ಅಲ್ಲೇ ಅಡ್ಡಾಡಿಕೊಂಡು ಇರುತ್ತಾನೆ, ಅಲ್ವಾ? ಹಾಗಾಯಿತು. ಅದಕ್ಕೇ 1882ರಲ್ಲಿ 3 ಸಲದೊಳಗೆ 5 ಗಜ ಮುಂದೆ ಹೋಗಬೇಕೆಂಬ ಕಟ್ಟು ಬಂತು. ಅಳೆಯಲು ಮೈದಾನಕ್ಕೆ ಗೆರೆಗಳೂ ಬಂದವು. ಈಗ 4 ಸಲದಲ್ಲಿ 10 ಗಜ. "ಥರ್ಡ್ ಅಂಡ್ ಸೆವೆನ್" ಎಂದರೆ ಇದು ಮೂರನೇ ಸಲ, ಇನ್ನೂ 7 ಗಜ ಬಾಕಿ. ಇಷ್ಟು ತಿಳಿದರೆ ಸೋಮವಾರದ ಮಾತು ಅರ್ಧ ಅರ್ಥವಾಗುತ್ತದೆ.

ಉದ್ದನೆಯ ಎಸೆತದ ಹಿಂದೆ ಸಾವುಗಳಿವೆ. 1905ರ ಸೀಸನ್ನಿನಲ್ಲಿ ಒಂದು ಪತ್ರಿಕೆಯ ಲೆಕ್ಕದಂತೆ 18 ಆಟಗಾರರು ಸತ್ತರು. ದೇಶದ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಕಾಲೇಜಿನವರನ್ನು ಕರೆಸಿ ಮಾತಾಡಿದರು. ಗುಂಪುಗುದ್ದಾಟ ಕಡಿಮೆಯಾಗಲಿ ಎಂದು 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಬಿಟ್ಟರು. ಕ್ಯಾಂಪ್‌ಗೆ ಇದು ಅಷ್ಟಾಗಿ ಇಷ್ಟವಿರಲಿಲ್ಲ.

ಈಗ ನಮ್ಮ ಊರಿನ ಕಡೆ ಬಾ. ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಕ್ಯಾಂಟನ್‌ನಲ್ಲಿ 1920ರ ಸೆಪ್ಟೆಂಬರ್ 17ರಂದು ಒಂದು ಸಭೆ ಸೇರಿತು, ರಾಲ್ಫ್ ಹೇ ಅವರ ಕಾರು ಶೋರೂಮಿನಲ್ಲಿ. ಕುರ್ಚಿ ಸಾಲದೆ ಕೆಲವರು ಕಾರುಗಳ ಫುಟ್‌ಬೋರ್ಡ್ ಮೇಲೆ ಕೂತರು. ಸಂಬಳದ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಇಂದಿನ ಎನ್‌ಎಫ್‌ಎಲ್ ಹುಟ್ಟಿದ್ದು ಅಲ್ಲಿ. ಲೀಗ್‌ನ ಮೊದಲ ಅಧ್ಯಕ್ಷ ಜಿಮ್ ಥಾರ್ಪ್, ಈ ನೆಲದ ಮೂಲನಿವಾಸಿ. 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದಿದ್ದವರು.

ಆ ಮೊದಲ ವರ್ಷ ಗೆದ್ದದ್ದು ಆಕ್ರನ್. ತಂಡದಲ್ಲಿ ಫ್ರಿಟ್ಜ್ ಪೊಲಾರ್ಡ್ ಇದ್ದರು, ಕಪ್ಪು ಜನಾಂಗದವರು. ಮರುವರ್ಷ ಅವರೇ ತಂಡದ ಕೋಚ್ ಕೂಡ ಆದರು. ಅಂಥವರು ಪಂದ್ಯಕ್ಕೆ ಮುಂಚೆ ಬಟ್ಟೆ ಬದಲಿಸಬೇಕಾಗಿದ್ದು ತಂಡದ ಮಾಲೀಕರ ಸಿಗಾರ್ ಕಾರ್ಖಾನೆಯಲ್ಲಿ. ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1934ರಿಂದ 1945ರವರೆಗೆ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ, ಅಂದರೆ ಈ ಆಟದ ದೊಡ್ಡವರನ್ನು ಗೌರವಿಸುವ ಜಾಗಕ್ಕೆ, ಪೊಲಾರ್ಡ್ ಹೆಸರು ಸೇರಿದ್ದು 2005ರಲ್ಲಿ. ಆಗ ಅವರು ತೀರಿಕೊಂಡು 19 ವರ್ಷವಾಗಿತ್ತು. ಬೇರೆ ಬಣ್ಣದವರಾಗಿ ಇಲ್ಲಿ ಬದುಕುತ್ತಿರುವ ನಮಗೆ ಆ ಹೆಸರು ಗೊತ್ತಿರಲೇಬೇಕು ಎಂದು ನನಗನ್ನಿಸುತ್ತದೆ.

ಮೊದಲು ಶುಕ್ರವಾರ ಸಂಜೆ ಹೈಸ್ಕೂಲ್ ಪಂದ್ಯಕ್ಕೆ ಹೋಗು. ಟಿಕೆಟ್ ದುಬಾರಿಯಲ್ಲ, ಪಕ್ಕದಲ್ಲಿ ಕೂತವರು ಕೇಳಿದ್ದನ್ನೆಲ್ಲ ಹೇಳಿಕೊಡುತ್ತಾರೆ. ಕಂಬಳಿ ಒಯ್ಯುವುದು ಮರೆಯಬೇಡ, ಅಕ್ಟೋಬರ್‌ನಲ್ಲೇ ಚಳಿ ಜಾಸ್ತಿ. ಹಾಲ್ ಆಫ್ ಫೇಮ್‌ಗೆ ಒಂದು ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ.